ಕಾಫಿ ಕಣದ ಡಿಜಿಟಲ್ ಪಾಠ

ಕಳೆದ ಮೇ ತಿಂಗಳ ಕೊನೆಯ ದಿನ ನನಗೆ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, 'ಗಿರಿಜಾ ಮೇಡಂ ಅವರ ಮಾರ್ಗದರ್ಶನ ನಮಗೆ ಸದಾ ಬೇಕು' ಎಂದು ಮೈಕಿನಲ್ಲಿ ಹೇಳಿ ಮನೆಗೆ ಕಳಿಸಿದರು. ಅಂದಿನಿಂದ ಇಂದಿನವರೆಗೆ ಒಬ್ಬರೂ ಬಂದು ಮಾರ್ಗ ಕೇಳಿಲ್ಲ. ಹಾಗಾಗಿ ಕೇಳದೆಯೇ ಬರೆಯುತ್ತಿದ್ದೇನೆ. ಬಿ.ಎಡ್. ಮುಗಿಸಿ, ಕೈಯಲ್ಲಿ ಫೋನು ಹಿಡಿದು, ಬಾಳೂರಿನ ಕಡೆಯ ಯಾವುದೋ ತಿರುವಿನಲ್ಲಿ ಬಸ್ಸಿಳಿದು 'ಶಾಲೆ ಎಲ್ಲಿದೆ' ಎಂದು ಹುಡುಕುವ ಹುಡುಗ ಹುಡುಗಿಯರು ಯಾರಾದರೂ ಓದಲಿ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಅದನ್ನು ಈಗ ಗೆದ್ದಲು ಓದುತ್ತಿದೆ. ನಾನು ಬರೆಯಬೇಕೆಂದಿರುವುದು ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ. ಆ ವಿಷಯದಲ್ಲಿ ನನಗಿರುವಷ್ಟು ಅನುಭವ ತಂತ್ರಜ್ಞಾನ ಕಂಡುಹಿಡಿದವರಿಗೂ ಇರಲಿಕ್ಕಿಲ್ಲ.

ನಾನು ಮೂಡಿಗೆರೆಯಿಂದ ಬಸ್ಸು ಹತ್ತಿ ಕೆಲಸಕ್ಕೆ ಹೋಗಲು ಶುರುಮಾಡಿದ ಕಾಲಕ್ಕೆ ನಮ್ಮಲ್ಲಿದ್ದ ತಂತ್ರಜ್ಞಾನವೆಂದರೆ ಕಪ್ಪು ಹಲಗೆ. ಆಮೇಲೆ ರೇಡಿಯೊ ಪಾಠ ಬಂತು. ಸೆಲ್ಲು ಖರ್ಚಾಗುತ್ತದೆಂದು ಆಗಿನ ಹೆಡ್ ಮಾಸ್ಟರು ರೇಡಿಯೊವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಟಿ.ವಿ. ಬಂತು. ಆಂಟೆನಾ ತಿರುಗಿಸಲು ಒಬ್ಬರು ಸೂರಿನ ಮೇಲೆಯೇ ಇರಬೇಕಾದ್ದರಿಂದ ಅದೂ ನಿಂತಿತು. ಕಂಪ್ಯೂಟರ್ ಬಂದಾಗ ಧೂಳು ಕೂರಬಾರದೆಂದು ಅದಕ್ಕೊಂದು ನೀಲಿ ಹೂವಿನ ಬಟ್ಟೆ ಹೊದಿಸಿದೆವು. ಎರಡು ವರ್ಷ ನಮ್ಮ ಮಕ್ಕಳಿಗೆ ಕಂಪ್ಯೂಟರ್ ಎಂದರೆ ನೀಲಿ ಹೂವಿನ ಬಟ್ಟೆ ಹೊದ್ದ ಒಂದು ವಸ್ತುವಾಗಿತ್ತು. ಪರೀಕ್ಷೆಯಲ್ಲಿ ಚಿತ್ರ ಬರೆಯಲು ಹೇಳಿದಾಗ ಒಬ್ಬಳು ಹೂವನ್ನೂ ಬಿಡಿಸಿದ್ದಳು. ಮಾರ್ಕು ಕೊಟ್ಟೆ. ಅವಳು ನೋಡಿದ್ದನ್ನೇ ಬರೆದಿದ್ದಳು.

ಕೊನೆಗೆ ಸ್ಮಾರ್ಟ್ ಬೋರ್ಡ್ ಬಂತು. ಅದರ ತರಬೇತಿಗೆ ನನ್ನನ್ನು ಎರಡು ದಿನ ಚಿಕ್ಕಮಗಳೂರಿಗೆ ಕರೆಸಿದರು. ಮೊದಲನೆಯ ದಿನ ಬೋರ್ಡನ್ನು ಆನ್ ಮಾಡುವುದು ಹೇಗೆಂದು ಕಲಿಸಿದರು. ಎರಡನೆಯ ದಿನ, ಮೊದಲನೆಯ ದಿನ ಬಂದಿದ್ದೆವು ಎನ್ನುವುದಕ್ಕೆ ಹಾಜರಾತಿಯನ್ನು ಆನ್‌ಲೈನಿನಲ್ಲಿ ತುಂಬುವುದು ಹೇಗೆಂದು ಕಲಿಸಿದರು. ಅಲ್ಲಿಗೆ ನಾನು ಡಿಜಿಟಲ್ ಶಿಕ್ಷಕಿಯಾದೆ.

ನನ್ನ ಸರ್ವಿಸಿನ ಕೊನೆಯ ಚಳಿಗಾಲದಲ್ಲಿ ಪ್ರದೀಪ ಬಂದ. ಬಿ.ಎಡ್. ಎರಡನೆಯ ವರ್ಷದ ಹುಡುಗ, ಕಳಸದ ಹತ್ತಿರದವನು. ಅಪ್ಪ ಅಲ್ಲಿ ಜೀಪು ಓಡಿಸುತ್ತಾರೆ. ಇಂಟರ್ನ್‌ಶಿಪ್ಪಿಗೆಂದು ಚಿಕ್ಕಮಗಳೂರಿನ ಕಾಲೇಜಿನವರು ನಮ್ಮ ಪ್ರೌಢಶಾಲೆಗೆ ಕಳಿಸಿದ್ದರು. ವಿಜ್ಞಾನದವನಾದ್ದರಿಂದ ನಾನು ಅವನ ಮಾರ್ಗದರ್ಶಕಿ. ಬಂದ ದಿನ ಚೀಲದಿಂದ ಮೂರು ಕಾಲಿನ ಕ್ಯಾಮರಾ ಸ್ಟ್ಯಾಂಡ್ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಸೀಮೆಸುಣ್ಣ ಎಲ್ಲಪ್ಪ?" ಎಂದೆ.

"ಬೇಡ ಮೇಡಂ. ಪ್ರತಿ ಪಾಠದಲ್ಲೂ ತಂತ್ರಜ್ಞಾನ ಇರ್ಲೇಬೇಕು ಅಂದಿದಾರೆ ಕಾಲೇಜಲ್ಲಿ. ಇಲ್ದಿದ್ರೆ ಮಾರ್ಕ್ಸ್ ಇಲ್ಲ."

"ಕರೆಂಟ್ ಹೋದ್ರೆ?"

ಸ್ವಲ್ಪ ಯೋಚಿಸಿ, "ಅದ್ನ ಹೇಳ್ಕೊಟ್ಟಿಲ್ಲ ಮೇಡಂ" ಎಂದ.

ಪ್ರಾಮಾಣಿಕ ಹುಡುಗ ಎಂದು ಆಗಲೇ ಅನ್ನಿಸಿತು. ಅವನ ಪಾಠಯೋಜನೆಯ ಪುಸ್ತಕದಲ್ಲಿ 'ಬಳಸಿದ ತಂತ್ರಜ್ಞಾನ' ಎಂಬ ಕಾಲಂ ಎಲ್ಲಕ್ಕಿಂತ ಅಗಲವಾಗಿತ್ತು. 'ವಿದ್ಯಾರ್ಥಿಗಳು ಕಲಿತದ್ದು' ಎಂಬುದಕ್ಕೆ ಒಂದೂವರೆ ಗೆರೆ ಜಾಗ ಬಿಟ್ಟಿದ್ದರು. ಒಂದೂವರೆ ಗೆರೆಗಿಂತ ಹೆಚ್ಚು ಯಾರೂ ಕಲಿಯಲಾರರು ಎಂದು ಮೊದಲೇ ಲೆಕ್ಕ ಹಾಕಿರಬೇಕು.

ಶಾಲೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಆಫೀಸ್ ರೂಮಿನಲ್ಲಿ ಒಂದು ವೈಫೈ ಪೆಟ್ಟಿಗೆ ಇದೆ. ಕರೆಂಟ್ ಇದ್ದು, ಗಾಳಿ ಇಲ್ಲದೆ, ಯಾವ ಮರವೂ ತಂತಿಯ ಮೇಲೆ ಒರಗದ ದಿನ ಅದರಲ್ಲಿ ಮೆಸೇಜು ಬರುತ್ತದೆ. ವಿಡಿಯೊ ಬೇಕೆಂದರೆ ಎರಡು ತಿರುವು ಮೇಲೆ ಹತ್ತಿ ಎಸ್ಟೇಟಿನ ಕಣಕ್ಕೆ ಹೋಗಬೇಕು. ಕಣವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಬಯಲು. ಒಂದು ಬದಿಗೆ ಗೋಡೌನು, ಇನ್ನೊಂದು ಬದಿಗೆ ಕಾಫಿ ಹಣ್ಣು ತೊಳೆಯುವ ಸಿಮೆಂಟು ತೊಟ್ಟಿಗಳು, ಕೆಳಬದಿಗೆ ಸಿಲ್ವರ್ ಓಕ್ ಮರಗಳ ಸಾಲು, ಅದರಾಚೆ ತೋಟ. ಸಿಗ್ನಲ್ ಇರುವುದು ಅಲ್ಲಿ ಮಾತ್ರ. ಹೆಡ್ ಮಾಸ್ಟರ್ ಶಿವಲಿಂಗಪ್ಪನವರು ದಿನಾ ಮಧ್ಯಾಹ್ನ ಅಲ್ಲಿ ನಿಂತು ಬಿಸಿಯೂಟದ ವಿವರ ಅಪ್‌ಲೋಡ್ ಮಾಡುತ್ತಿದ್ದರು. ಫೋನನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಅವರು ನಿಲ್ಲುವುದನ್ನು ನೋಡಿ, ಕಣದಲ್ಲಿ ಕಾಫಿ ಕೆದಕುವ ಹೆಂಗಸರು ಮೊದಮೊದಲು ಇದೇನೋ ಹರಕೆ ಎಂದುಕೊಂಡಿದ್ದರಂತೆ.

ಆನೆಗಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಸುತ್ತಲ ತೋಟಗಳಲ್ಲಿ ಆನೆಗಳು ಇರುತ್ತವೆ. ಬರುತ್ತವೆ ಎನ್ನುವುದು ಹಳೆಯ ಮಾತು. ಈಗ ಹಗಲೆಲ್ಲ ಕಾಫಿ ಗಿಡಗಳ ಮಧ್ಯೆಯೇ ನಿಂತಿರುತ್ತವೆ. ಎಸ್ಟೇಟಿನವರು ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಆನೆ ಎಲ್ಲಿದೆ, ಎತ್ತ ಹೊರಟಿದೆ ಎಂದು ಕಣ ನೋಡಿಕೊಳ್ಳುವ ಮೇಸ್ತ್ರಿ ದ್ಯಾವಪ್ಪ ಅದರಲ್ಲಿ ಹಾಕುತ್ತಿದ್ದ. ನಾವು ಮಾಸ್ತರುಗಳೆಲ್ಲ ಅದರಲ್ಲಿದ್ದೆವು, ಬಂದ ಮೇಲೆ ಪ್ರದೀಪನನ್ನೂ ಸೇರಿಸಿದ್ದರು. ನನ್ನ ಇಡೀ ಸರ್ವಿಸಿನಲ್ಲಿ ಮಕ್ಕಳ ಪ್ರಾಣಕ್ಕೆ ನಿಜವಾಗಿ ಉಪಯೋಗಕ್ಕೆ ಬಂದ ತಂತ್ರಜ್ಞಾನ ಅದೊಂದೇ. ಅದಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಜನವರಿಯಲ್ಲಿ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದರು. ಬಯಲುಸೀಮೆಯವರು, ಈ ಕಡೆಗೆ ಹೊಸಬರು. ಶಿವಲಿಂಗಪ್ಪನವರು ಹೆಮ್ಮೆಯಿಂದ ಅವರನ್ನು ಸ್ಮಾರ್ಟ್ ಕ್ಲಾಸಿಗೆ ಕರೆತಂದರು. ಪ್ರದೀಪ ತನ್ನ ಫೋನನ್ನು ಬೋರ್ಡಿಗೆ ಜೋಡಿಸಿ ಜೀರ್ಣಾಂಗಗಳ ಪಾಠ ಮಾಡುತ್ತಿದ್ದ. ಅಧಿಕಾರಿಗಳು ತಲೆದೂಗುತ್ತಿರುವಾಗ ಸರಿಯಾಗಿ ಸಣ್ಣ ಕರುಳಿನ ಮೇಲೆ ಒಂದು ಮೆಸೇಜು ಮೂಡಿತು. 'ಒಂಟಿ ಸಲಗ. ಬಂಗ್ಲೆ ಗೇಟ್ ಹತ್ರ. ಶಾಲೆ ಕಡೆ ಮುಖ.'

ಅಧಿಕಾರಿಗಳು ಎದ್ದು ಕುರ್ಚಿಯ ಹಿಂದೆ ನಿಂತರು. ಮುಂದಿನ ಸಾಲಿನ ಸುಚಿತ್ರಾ ಎಂಬ ಹುಡುಗಿ ಅವರಿಗೆ ಸಮಾಧಾನ ಹೇಳಿದಳು. "ಬಂಗ್ಲೆ ಗೇಟ್ ಅಂದ್ರೆ ಆಚೆ ಗುಡ್ಡ ಸರ್. ಇಲ್ಲಿಗೆ ಬರಕ್ಕೆ ಇನ್ನೂ ಟೈಮಿದೆ. ನೀವು ಕೂತ್ಕೊಳಿ."

ಅವರು ಕೂರಲಿಲ್ಲ. ಸಂದರ್ಶಕರ ಪುಸ್ತಕದಲ್ಲಿ 'ಬೋಧನೆಯ ಸಮಯದಲ್ಲಿ ಅನಗತ್ಯ ಅಡಚಣೆಗಳನ್ನು ತಡೆಯತಕ್ಕದ್ದು' ಎಂದು ಬರೆದು ಜೀಪು ಹತ್ತಿದರು. ಆನೆ ಆ ದಿನ ಶಾಲೆಗೆ ಬರಲೇ ಇಲ್ಲ. ಆದರೆ ಆ ವಾಕ್ಯ ಬಂತು. ಶಿವಲಿಂಗಪ್ಪನವರು ಅದನ್ನು ನನಗೆ ತೋರಿಸಿ, "ಏನ್ ಮೇಡಂ ಇದು, ನಿಮ್ಮ ಹುಡುಗ ಮಾನ ಕಳೆದ್ನಲ್ಲ" ಎಂದರು. ನಾನು ಅದೇ ಸಿಟ್ಟನ್ನು ಇನ್ನಷ್ಟು ಬಿಸಿಮಾಡಿ ಪ್ರದೀಪನಿಗೆ ಬಡಿಸಿದೆ.

"ಪಾಠ ಮಾಡೋವಾಗ ಆನೆನೂ ಬರಬಾರದು, ಆನೆ ಸುದ್ದಿನೂ ಬರಬಾರದು. ಫೋನಿನ ಬಾಯಿ ಮುಚ್ಚಿಸೋದು ಹೇಗೆ ಅಂತ ಗೊತ್ತಾ ನಿನಗೆ?"

"ಗೊತ್ತು ಮೇಡಂ. ಕಾಲ್ ಬಂದ್ರೂ ಕಾಣ್ದಿರೋ ಹಾಗೆ ಮಾಡ್ಬಹುದು."

"ಹಾಗೇ ಮಾಡು. ಇನ್ಮೇಲೆ ಕ್ಲಾಸ್ ಶುರುವಾಗೋ ಮುಂಚೆ ನಂಗೆ ತೋರಿಸಿಯೇ ಪಾಠ ಮಾಡ್ಬೇಕು."

ಮಾರ್ಗದರ್ಶಕಿಯಾಗಿ ನಾನು ಅವನಿಗೆ ಕೊಟ್ಟ ಸಲಹೆಗಳಲ್ಲಿ ಅವನು ತಪ್ಪದೆ ಪಾಲಿಸಿದ್ದು ಇದೊಂದನ್ನೇ.

ಫೆಬ್ರವರಿಯಲ್ಲಿ ಅವನ ಅಂತಿಮ ಪಾಠವಿತ್ತು. ಅದರಲ್ಲಿ ಪಾಸಾದರೆ ಇಂಟರ್ನ್‌ಶಿಪ್ ಮುಗಿದಂತೆ, ಆ ವರ್ಷವೇ ಪರೀಕ್ಷೆ ಬರೆಯಬಹುದು. ಇಲ್ಲದಿದ್ದರೆ ಒಂದು ವರ್ಷ ಕಾಯಬೇಕು. ಕಾಲೇಜಿನ ಮೇಲ್ವಿಚಾರಕರಿಗೆ ಘಟ್ಟದ ತಿರುವುಗಳಲ್ಲಿ ವಾಂತಿಯಾಗುತ್ತಿತ್ತಂತೆ. ಆದ್ದರಿಂದ ಪಾಠವನ್ನು ವಿಡಿಯೊ ಕಾಲಿನಲ್ಲಿ ನೇರವಾಗಿ ತೋರಿಸಬೇಕೆಂದರು. ಹಾಗೆಂದರೆ ತರಗತಿಯನ್ನೇ ಕಣಕ್ಕೆ ಸಾಗಿಸಬೇಕು. ಶಿವಲಿಂಗಪ್ಪನವರು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರು. ಬರವಣಿಗೆಯಲ್ಲಿ ಕೇಳಿದ್ದಕ್ಕೆ, "ಇದಕ್ಕೆಲ್ಲ ಎಂತಕ್ಕೆ ಲೆಟರ್ ಮಾರಾಯ್ರೆ, ಹತ್ತು ಹೆಜ್ಜೆ ದೂರ" ಎಂದರು. ಕಿರಿಯರು ಗಮನಿಸಬೇಕು: ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಕೊಟ್ಟದ್ದು ಗಾಳಿಗೆ ಸೇರಿದ್ದು.

ಊಟದ ಬಿಡುವಿಗೆ ಮೊದಲು, ಹನ್ನೊಂದೂವರೆಯ ಬಿಸಿಲಿನಲ್ಲಿ, ಒಂಬತ್ತನೆಯ ತರಗತಿಯ ಹದಿನೆಂಟು ಮಕ್ಕಳನ್ನು ಕರೆದುಕೊಂಡು ಕಣಕ್ಕೆ ಹೋದೆವು. ಗೋಡೌನಿನ ಗೋಡೆಯ ನೆರಳಿನಲ್ಲಿ ಮಕ್ಕಳನ್ನು ಕೂರಿಸಿದೆವು. ಪ್ರದೀಪ ಎದುರಿಗೆ, ಕಣದ ಕೆಳಬದಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಅದಕ್ಕೆ ಫೋನು ಸಿಕ್ಕಿಸಿದ. ಅದರಲ್ಲಿ ಮಕ್ಕಳೂ ಅವರ ಹಿಂದಿನ ಗೋಡೌನ್ ಬಾಗಿಲೂ ಕಾಣುತ್ತಿದ್ದವು. ಕಾಲೇಜಿಗೆ ತೋರಿಸುವುದರ ಜೊತೆಗೆ ಫೋನಿನಲ್ಲೇ ರೆಕಾರ್ಡೂ ಆಗುವ ಹಾಗೆ ಮಾಡಿದ್ದ. ಪಾಠ ಕಾಫಿ ಎಲೆಯ ಪತ್ರರಂಧ್ರಗಳದ್ದು, ಎಂದರೆ ಎಲೆ ಉಸಿರಾಡುವ ಸಣ್ಣ ಬಾಯಿಗಳದ್ದು. ನನ್ನ ಫೋನಿನ ಕ್ಯಾಮರಾ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಭೂತಗನ್ನಡಿಯಾಗುತ್ತದೆಂದು ತೋರಿಸುವ ಉಪಾಯ ಅವನದ್ದು. ಒಳ್ಳೆಯ ಉಪಾಯ. ಮೂವತ್ತು ವರ್ಷ ಪತ್ರರಂಧ್ರದ ಚಿತ್ರ ಬರೆಸಿದ ನನಗೆ ಅದು ಹೊಳೆದಿರಲಿಲ್ಲ. ಹೀಗೆ ನನ್ನ ಫೋನೂ ಕೆಲಸಕ್ಕೆ ಸೇರಿತು. ಎರಡೂ ಫೋನುಗಳ ಬಾಯಿ ಮುಚ್ಚಿದೆಯೆಂದು ಅವನು ನನಗೆ ತೋರಿಸಿದ. ನಾನು ತಲೆಯಾಡಿಸಿದೆ.

ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಒಂದು ಜವಾಬ್ದಾರಿ ಕೊಡಬೇಕೆಂದು ಅವರ ಕಾಲೇಜಿನಲ್ಲಿ ಹೇಳಿದ್ದರಂತೆ. ಒಬ್ಬ ಎಲೆ ನಾಯಕ, ಒಬ್ಬ ನೀರು ನಾಯಕ. ಸುಚಿತ್ರಾ ಕ್ಯಾಮರಾ ನಾಯಕಿ. ಸ್ಟ್ಯಾಂಡು ಬೀಳದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ.

ಕಣದಲ್ಲಿ ಕಾಫಿ ಹರಡಿತ್ತು. ಕೆದಕುವ ಹೆಂಗಸರು ಒಬ್ಬರೂ ಇರಲಿಲ್ಲ. ಕೆದಕುವ ಹಲಗೆಗಳು ಅಲ್ಲಲ್ಲೇ ಬಿದ್ದಿದ್ದವು. ಒಬ್ಬಳ ತಲೆಗೆ ಕಟ್ಟುವ ಬಟ್ಟೆ ಕಾಫಿಯ ಮೇಲೇ ಉಳಿದಿತ್ತು. ಹತ್ತಿರ ಹತ್ತಿರ ನಲವತ್ತು ವರ್ಷ ಈ ತೋಟಗಳ ನಡುವೆ ಓಡಾಡಿದವಳು ನಾನು. ಇದನ್ನು ನೋಡಿ ನಾನು ಹೇಳಿದ್ದೇನು ಗೊತ್ತೇ?

"ಒಳ್ಳೇದಾಯ್ತು ಕಣೋ. ಎಷ್ಟು ನಿಶ್ಶಬ್ದ. ರೆಕಾರ್ಡಿಂಗ್ ಚೆನ್ನಾಗಿ ಬರುತ್ತೆ."

ಕಾಲು ಗಂಟೆ ಪಾಠ ಸೊಗಸಾಗಿ ನಡೆಯಿತು. ಮಕ್ಕಳು ಒಬ್ಬೊಬ್ಬರಾಗಿ ಬಂದು ನನ್ನ ಫೋನಿನಲ್ಲಿ ಎಲೆಯ ಬಾಯಿಗಳನ್ನು ನೋಡಿದರು. ಕಾಲೇಜಿನ ಮೇಲ್ವಿಚಾರಕರು ಫೋನಿನೊಳಗಿಂದ, "ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಇನ್ನಷ್ಟು ಕಾಣಲಿ" ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಕಡೆಯ ಕರೆ ಕಡಿಯಿತು, ರೆಕಾರ್ಡು ಮಾತ್ರ ಓಡುತ್ತಿತ್ತು. ಆಗ ಎಲೆ ನಾಯಕ ಎದ್ದು ನಿಂತು ಸಿಲ್ವರ್ ಮರಗಳ ಕಡೆ ನೋಡಿ, ಕೂಗದೆ, ಉತ್ತರ ಹೇಳುವ ದನಿಯಲ್ಲಿ, "ಮೇಡಂ, ಆನೆ" ಎಂದ.

ಮರಗಳ ನಡುವೆ ಬೂದುಬಣ್ಣದ ಗೋಡೆಯೊಂದು ಇತ್ತು. ಗೋಡೆ ಒಂದು ಹೆಜ್ಜೆ ಮುಂದೆ ಬಂತು.

ನಮ್ಮ ಮಕ್ಕಳು ಕಿರುಚುವುದಿಲ್ಲ. ತೋಟದಲ್ಲಿ ಬೆಳೆದವರು. ಎಲ್ಲರೂ ಎದ್ದು ಗೋಡೌನಿನೊಳಕ್ಕೆ ನುಗ್ಗಿದರು. ಪಕ್ಕಕ್ಕೆ ಎಳೆಯುವ ಕಬ್ಬಿಣದ ಬಾಗಿಲು ಅದು. ನಾನು ಬಾಗಿಲ ಬಳಿ ನಿಂತು ಮಕ್ಕಳನ್ನು ಒಳಗೆ ತಳ್ಳುತ್ತಿದ್ದೆ. ಆಗ ಸುಚಿತ್ರಾ ನನ್ನ ಕೈಯಡಿಯಿಂದ ನುಸುಳಿ ಹೊರಗೆ ಓಡಿದಳು. "ಸರ್ ಫೋನು" ಎಂದಳು. ಕ್ಯಾಮರಾ ನಾಯಕಿ ತಾನೇ. ಆ ಫೋನು ಇದ್ದದ್ದು ಕಣದ ಕೆಳಬದಿಯಲ್ಲಿ. ಆನೆ ಇದ್ದದ್ದೂ ಅಲ್ಲೇ. ಪ್ರದೀಪ ಅವಳ ಹಿಂದೆ ಓಡಿದ. ಹರಡಿದ ಕಾಫಿಯ ಮೇಲೆ ಅವನ ಕಾಲು ಜಾರಿತು, ಎದ್ದ, ಮತ್ತೆ ಓಡಿದ. ಆನೆ ಕಿವಿ ಬಿಚ್ಚಿತು.

ಆಮೇಲೆ ನಾನು ಬಾಗಿಲು ಎಳೆದೆ.

ಇದನ್ನು ಬರೆಯಲು ಕೂತಾಗಲೆಲ್ಲ ಇಲ್ಲಿಗೆ ಬಂದು ಪೆನ್ನು ಕೆಳಗಿಡುತ್ತೇನೆ, ಅಡಿಗೆಮನೆಗೆ ಹೋಗಿ ಏನೋ ಹುಡುಕಿ ಬರುತ್ತೇನೆ. ಒಳಗೆ ಹದಿನೇಳು ಮಕ್ಕಳಿದ್ದರು. ಹೊರಗೆ ಇಬ್ಬರಿದ್ದರು. ಸರಿಯಾದ ಲೆಕ್ಕ. ಆ ಲೆಕ್ಕವನ್ನು ನಾನು ಆಗ ಮಾಡಿದೆನೋ, ಬಾಗಿಲು ಎಳೆದ ಮೇಲೆ ಮಾಡಿಕೊಂಡೆನೋ ಇಂದಿಗೂ ಗೊತ್ತಾಗಿಲ್ಲ.

ಒಳಗೆ ಕತ್ತಲು, ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ಹುಳಿವಾಸನೆ. ಹೊರಗೆ ಸಿಮೆಂಟಿನ ಮೇಲೆ ಕಾಫಿ ಕಾಳುಗಳು ಕರಕರ ಎನ್ನುವ ಸದ್ದು. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ಸಣ್ಣ ಸದ್ದು. ಆಮೇಲೆ ಲೋಹದ ವಸ್ತುವೊಂದು ಬಿದ್ದದ್ದು ಕೇಳಿಸಿತು. ಮಕ್ಕಳಲ್ಲಿ ಯಾರೋ ನನ್ನ ಕೈ ಹಿಡಿದು ಕಿವಿಯ ಬಳಿ ಹೇಳಿದರು. "ಮೇಡಂ, ಉಸಿರು ಮೆಲ್ಲಗೆ."

ಎಷ್ಟೋ ಹೊತ್ತಿನ ಮೇಲೆ ಪಟಾಕಿ ಸಿಡಿಯಿತು, ದ್ಯಾವಪ್ಪನ ದನಿ ಕೇಳಿತು. ಬಾಗಿಲು ತೆರೆಯಲು ನನ್ನಿಂದಾಗಲಿಲ್ಲ. ಮಕ್ಕಳೇ ತೆರೆದರು. ಕಣದ ಮಧ್ಯೆ ಕಾಫಿ ಎರಡು ಭಾಗವಾಗಿ ಸರಿದು ಒಂದು ದಾರಿಯಾಗಿತ್ತು. ಹಣ್ಣು ತೊಳೆಯುವ ಒಣ ತೊಟ್ಟಿಯೊಳಗಿಂದ ಮೊದಲು ಪ್ರದೀಪನ ತಲೆ ಕಂಡಿತು. ಆಮೇಲೆ ಸುಚಿತ್ರಾಳದ್ದು. ಅವಳ ಮೊಣಕೈ ತರಚಿತ್ತು. ಫೋನು ಸಿಕ್ಕಿರಲಿಲ್ಲ. ಅವಳು ಅದನ್ನು ತಲುಪುವ ಮೊದಲೇ ಅವನು ಅವಳನ್ನು ಎತ್ತಿಕೊಂಡು ತೊಟ್ಟಿಗೆ ಹಾರಿದ್ದ.

ದ್ಯಾವಪ್ಪ ನನ್ನೆದುರು ನಿಂತ. "ಮೇಡಂ, ಎಷ್ಟು ಸರ್ತಿ ಫೋನ್ ಮಾಡದು ಮಾರಾಯ್ರೆ? ನಿಮ್ಗೂ ಮಾಡ್ದೆ, ಆ ಸಾರಿಗೂ ಮಾಡ್ದೆ. ಗ್ರೂಪಲ್ಲಿ ಹಾಕಿ ಹೆಂಗಸ್ರನ್ನೆಲ್ಲ ಮೇಲಿನ ದಾರೀಲಿ ಕಳ್ಸಿದೀನಿ. ನೀವು ನೋಡಿದ್ರೆ ಮಕ್ಳನ್ನ ಕಟ್ಕೊಂಡು ಇಲ್ಲಿಗೇ ಬಂದಿದೀರಿ."

ನನ್ನ ಫೋನನ್ನು ನೋಡಿದೆ. ಹನ್ನೊಂದು ಕರೆ. ಹಿಂಬದಿಯ ಕ್ಯಾಮರಾ ಮೇಲೆ ನೀರಿನ ಹನಿ ಹಾಗೇ ನಿಂತಿತ್ತು.

ಎರಡು ದಿನಗಳ ಮೇಲೆ ಶಿವಲಿಂಗಪ್ಪನವರು ಘಟನೆಯ ವರದಿ ತಯಾರಿಸಿದರು. ಅದನ್ನೂ ಆನ್‌ಲೈನಿನಲ್ಲೇ ತುಂಬಬೇಕಿತ್ತು. 'ಘಟನೆಯ ಕಾರಣ' ಎಂಬಲ್ಲಿ ಆರಿಸಿಕೊಳ್ಳಲು ನಾಲ್ಕು ಆಯ್ಕೆಗಳಿದ್ದವು: ಕಟ್ಟಡದ ದೋಷ, ಆಹಾರದ ದೋಷ, ಪ್ರಕೃತಿ ವಿಕೋಪ, ಸಿಬ್ಬಂದಿಯ ಲೋಪ. ಆನೆ ಎಂಬ ಆಯ್ಕೆ ಇರಲಿಲ್ಲ. ಪ್ರಕೃತಿ ವಿಕೋಪ ಒತ್ತಿದರೆ ಎಷ್ಟು ಮಿಲಿಮೀಟರ್ ಮಳೆ ಎಂದು ಕೇಳುತ್ತಿತ್ತು. ಕೊನೆಗೆ ಸಿಬ್ಬಂದಿಯ ಲೋಪ ಒತ್ತಿದರು. ಸಿಬ್ಬಂದಿ ಯಾರು ಎಂಬ ಮುಂದಿನ ಪ್ರಶ್ನೆಗೆ ಶಾಲೆಯಲ್ಲಿ ಎಲ್ಲರಿಗಿಂತ ಕಿರಿಯನ ಹೆಸರು ಸಿಕ್ಕಿತು. ಅವನು ಸಿಬ್ಬಂದಿಯೇ ಅಲ್ಲ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ತೊಂದರೆ ಕೊಡಲಿಲ್ಲ.

ಕಾಲೇಜಿಗೆ ಕಳಿಸಲು ಕಾಗದದ ಮೇಲೂ ಒಂದು ಪ್ರತಿ ಮಾಡಿದ್ದರು. 'ತರಬೇತಿ ಶಿಕ್ಷಕರು ಅನುಮತಿಯಿಲ್ಲದೆ ಮಕ್ಕಳನ್ನು ಹೊರಗೆ ಕರೆದೊಯ್ದಿದ್ದು, ಅಪಾಯದ ವೇಳೆ ಮಕ್ಕಳನ್ನು ಬಿಟ್ಟು ತಮ್ಮ ಮೊಬೈಲ್ ತರಲು ಹೋಗಿರುತ್ತಾರೆ. ಮಾರ್ಗದರ್ಶಕ ಶಿಕ್ಷಕಿಯವರು ಎಲ್ಲ ಮಕ್ಕಳೂ ಒಳಬಂದುದನ್ನು ಖಚಿತಪಡಿಸಿಕೊಂಡು ಬಾಗಿಲು ಮುಚ್ಚಿ, ಸಮಯಪ್ರಜ್ಞೆ ಮೆರೆದಿರುತ್ತಾರೆ.'

"ಹೀಗಲ್ಲ ಸಾರ್ ಆಗಿದ್ದು" ಎಂದೆ. ಮೆಲ್ಲಗೆ ಎಂದೆ.

"ಮತ್ತೆ ಹೆಂಗೆ? ಒಂದು ಮಗು ಹೊರಗಿರುವಾಗ ಬಾಗಿಲು ಹಾಕ್ಕೊಂಡೆ ಅಂತ ಬರೀಲಾ? ನಿಮ್ಮ ರಿಟೈರ್‌ಮೆಂಟಿಗೆ ಮೂರು ತಿಂಗಳಿದೆ. ಪೆನ್ಶನ್ ಪೇಪರ್ ಹೋಗಿರೋದು ಇದೇ ಆಫೀಸಿಗೆ." ಆಮೇಲೆ ದನಿ ತಗ್ಗಿಸಿ, ಕೆಟ್ಟವರಂತಲ್ಲ, ದಣಿದವರಂತೆ ಹೇಳಿದರು. "ಅವನು ಹುಡುಗ ಮೇಡಂ. ಒಂದು ವರ್ಷ ಹೋದ್ರೆ ಇನ್ನೊಂದು ಬರುತ್ತೆ. ನಮಗೆ ಬರಲ್ಲ."

"ಸುಚಿತ್ರಾನ ಕೇಳಿದ್ರಾ?"

"ಮಕ್ಕಳನ್ನ ಕೇಳೋ ಕಾಲಂ ಎಲ್ಲಿದೆ ಇದರಲ್ಲಿ?"

ನಾನು ಸಹಿ ಮಾಡಿದೆ. ಮೂವತ್ತೇಳು ವರ್ಷ ಹಾಜರಿ ಪುಸ್ತಕದಲ್ಲಿ ಮಾಡಿದ ಅದೇ ದುಂಡನೆಯ ಸಹಿ. ನಿಜ ಹೇಳಬೇಕೆಂದರೆ ಪೆನ್ಶನ್ನಿನ ಮಾತಿಗಿಂತ ಆ 'ಸಮಯಪ್ರಜ್ಞೆ' ಎಂಬ ಪದ ನನ್ನನ್ನು ಹಿಡಿದಿತ್ತು. ಹಾಗೇ ಆಗಿತ್ತೆಂದು ನಂಬಲು ನಾನು ಸಿದ್ಧಳಿದ್ದೆ. ಆಗಲೇ ನನ್ನ ನೆನಪೂ ಆ ಕಡೆಗೆ ಸರಿಯುತ್ತಿತ್ತು. ಬಾಗಿಲನ್ನು ಅರ್ಧ ತೆರೆದು ನಾನು ಬಹಳ ಹೊತ್ತು ಕಾದಿದ್ದೆ, ಇಬ್ಬರ ಹೆಸರನ್ನೂ ಕೂಗಿದ್ದೆ, ಆನೆ ತೀರಾ ಹತ್ತಿರ ಬಂದ ಮೇಲೆ ಬೇರೆ ದಾರಿಯಿಲ್ಲದೆ ಎಳೆದಿದ್ದೆ. ಮನೆಯಲ್ಲಿ ಹೀಗೇ ಹೇಳಿದೆ. ಬಸ್ಸಿನಲ್ಲಿ ಕೇಳಿದವರಿಗೂ ಹೇಳಿದೆ. ಪ್ರತಿ ಸಲ ಹೇಳುವಾಗಲೂ ಇನ್ನೊಂದು ಸ್ವಲ್ಪ ಹೊತ್ತು ಕಾಯುತ್ತಿದ್ದೆ.

ಮಾರ್ಚ್ ಕೊನೆಯಲ್ಲಿ ಪ್ರದೀಪ ತನ್ನ ಪಾಠಯೋಜನೆಯ ಪುಸ್ತಕಗಳನ್ನು ತೆಗೆದುಕೊಂಡು ಹೋಗಲು ಬಂದ. ಕಾಲೇಜಿನವರು ಅವನ ಇಂಟರ್ನ್‌ಶಿಪ್ ರದ್ದು ಮಾಡಿದ್ದರು. ಮುಂದಿನ ವರ್ಷ ಮತ್ತೆ ಮೊದಲಿಂದ. ಅಪ್ಪ ಅಷ್ಟರವರೆಗೆ ಜೀಪು ಓಡಿಸು ಅಂದಿದ್ದಾರೆ ಎಂದ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು.

"ಅವತ್ತಿನ ರೆಕಾರ್ಡಿಂಗ್ ಏನಾಯ್ತು?" ಎಂದೆ.

"ಆನೆ ಸ್ಟ್ಯಾಂಡ್ ಒದ್ದು ಫೋನ್ ಗ್ಲಾಸ್ ಒಡೀತಲ್ಲ ಮೇಡಂ."

"ಗ್ಲಾಸ್ ಒಡೀತು. ರೆಕಾರ್ಡಿಂಗ್?"

ಅವನು ಕಿಟಕಿಯ ಕಡೆ ನೋಡಿದ. "ಇದೆ."

"ಮತ್ತೆ ಕಾಲೇಜಲ್ಲಿ ಎಂತಕ್ಕೆ ತೋರಿಸ್ಲಿಲ್ಲ ಮಾರಾಯ? ನೀನು ಫೋನ್ ತರಕ್ಕೆ ಹೋಗಿದ್ದಲ್ಲ ಅಂತ ಅದ್ರಲ್ಲೇ ಗೊತ್ತಾಗ್ತಿತ್ತಲ್ಲ."

"ನೀವೂ ಇದೀರಲ್ಲ ಮೇಡಂ ಅದ್ರಲ್ಲಿ."

ಬಲವಂತ ಮಾಡಿ ತೆಗೆಸಿದೆ. ಒಡೆದ ಗಾಜಿನ ಹಿಂದೆ ನಮ್ಮ ಮಕ್ಕಳು ಎದ್ದು ಒಳಗೆ ಓಡಿದರು. ಸುಚಿತ್ರಾ ಕ್ಯಾಮರಾದ ಕಡೆಗೆ ಓಡಿ ಬಂದಳು, ಮುಖ ದೊಡ್ಡದಾಗುತ್ತಾ ಬಂತು. ಹಿಂದೆ ಪ್ರದೀಪ. ಅವರಿಬ್ಬರ ಹಿಂದೆ ಬಳೆ ತೊಟ್ಟ ಒಂದು ಕೈ ಬಾಗಿಲಿನ ಅಂಚನ್ನು ಹಿಡಿಯಿತು, ಬಾಗಿಲು ಮುಚ್ಚಿತು. ಆಮೇಲೆ ಅವನು ಅವಳನ್ನು ಹಿಡಿದದ್ದು, ತಿರುಗಿ ಬಾಗಿಲ ಕಡೆ ಎರಡು ಹೆಜ್ಜೆ ಓಡಿದ್ದು, ಮುಚ್ಚಿದ್ದನ್ನು ನೋಡಿ ನಿಂತದ್ದು, ತೊಟ್ಟಿಯ ಕಡೆಗೆ ಹೊರಳಿದ್ದು. ಕೊನೆಗೆ ಒಂದು ಬೂದು ಕಾಲು, ಆಮೇಲೆ ಆಕಾಶ.

ಸುಚಿತ್ರಾ ಹೊರಗೆ ಬಂದ ಗಳಿಗೆಯಿಂದ ಬಾಗಿಲು ಮುಚ್ಚುವವರೆಗೆ ಎಷ್ಟು ಹೊತ್ತೆಂದು ಕೆಳಗೆ ಓಡುವ ಅಂಕಿಗಳನ್ನು ನೋಡಿಕೊಂಡೆ. ನಾಲ್ಕು ಸೆಕೆಂಡು. ಇನ್ನೊಮ್ಮೆ ಹಾಕಿಸಿದೆ. ಆಗಲೂ ನಾಲ್ಕೇ. ನಾನು ಕೂಗಿದ ಹೆಸರುಗಳು ಅದರಲ್ಲಿರಲಿಲ್ಲ. ಕ್ಯಾಮರಾದ ಹಿಂದಿದ್ದ ಆನೆ ಆಗಿನ್ನೂ ಪರದೆಯೊಳಕ್ಕೇ ಬಂದಿರಲಿಲ್ಲ.

ತಂತ್ರಜ್ಞಾನದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಬರೆಯಬೇಕಲ್ಲ. ಅದಕ್ಕೆ ಪೆನ್ಶನ್ ಇಲ್ಲ, ಸಮಯಪ್ರಜ್ಞೆಯೂ ಇಲ್ಲ.

"ಅಳಿಸ್ಬಿಡ್ಲಾ ಮೇಡಂ?" ಎಂದ ಅವನು. ಒಂದು ವರ್ಷ ಕಳೆದುಕೊಂಡವನು ನನ್ನನ್ನು ಕೇಳುತ್ತಿದ್ದ, ರಜೆ ಚೀಟಿಗೆ ಸಹಿ ಕೇಳುವ ಹಾಗೆ.

"ನಾಳೆ ಬೆಳಿಗ್ಗೆ ಮೂಡಿಗೆರೆ ಬಸ್ ಸ್ಟ್ಯಾಂಡಿಗೆ ಬಾ" ಎಂದೆ. "ಫೋನ್ ಚಾರ್ಜ್ ಮಾಡ್ಕೊಂಡು ಬಾ."

ಮಾರನೆಯ ದಿನ ಇಬ್ಬರೂ ಚಿಕ್ಕಮಗಳೂರಿನ ಬಸ್ಸು ಹತ್ತಿದೆವು. ದಾರಿಯಲ್ಲಿ ಹಾಂದಿ ಎಂಬ ಊರಿನ ಹತ್ತಿರ ಅವನು, "ನೀವು ಬರೀ ಇವನು ಹೋಗಿದ್ದು ಹುಡುಗಿನ ತರಕ್ಕೆ ಅಂತ ಹೇಳಿದ್ರೆ ಸಾಕು ಮೇಡಂ, ವಿಡಿಯೊ ಬೇಡ" ಎಂದ. "ನನ್ನ ಮಾತು ಯಾರು ನಂಬ್ತಾರೆ, ಆ ವರದಿ ಮೇಲೆ ಈಗಾಗಲೇ ನನ್ನ ಸಹಿ ಇದೆಯಲ್ಲಪ್ಪ" ಎಂದೆ. ನನ್ನ ಬೆರಳುಗಳು ಸೀಟಿನ ಕಂಬಿಯನ್ನು ಹಿಡಿದ ರೀತಿ ಆ ವಿಡಿಯೊದಲ್ಲಿದ್ದಂತೆಯೇ ಇತ್ತು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

ಕಾಲೇಜಿನ ಪ್ರಿನ್ಸಿಪಾಲರು ಸಭ್ಯಸ್ಥರು. ನಮ್ಮನ್ನು ಕೂರಿಸಿದರು, ಪ್ರದೀಪನ ಫೈಲು ತರಿಸಿದರು. ನನ್ನ ಸಹಿಯಿದ್ದ ವರದಿ ಅದರ ಮೇಲೆಯೇ ಇತ್ತು. ವಿಡಿಯೊವನ್ನು ಅವರ ಮೇಜಿನ ದೊಡ್ಡ ಕಂಪ್ಯೂಟರಿಗೆ ಹಾಕಿದರು. ದೊಡ್ಡ ಪರದೆಯಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಬಳೆಗಳನ್ನು ಎಣಿಸಬಹುದಿತ್ತು.

ಅವರು ಒಮ್ಮೆ ಪೂರ್ತಿ ನೋಡಿದರು. ಹಿಂದಕ್ಕೆ ಓಡಿಸಿ, ಬಾಗಿಲು ಮುಚ್ಚುವಲ್ಲಿ ನಿಲ್ಲಿಸಿದರು.

"ವರದೀಲಿ ಎಲ್ಲ ಮಕ್ಕಳೂ ಒಳಗೆ ಬಂದ ಮೇಲೆ ಬಾಗಿಲು ಹಾಕಿದ್ದು ಅಂತಿದೆ. ಇಲ್ಲಿ ಇವರಿಬ್ಬರೂ ಹೊರಗಿದ್ದಾರೆ. ಯಾರು ಎಳೆದದ್ದು ಇದು?"

ನಾನು ಬಾಯಿ ತೆರೆಯುವ ಮೊದಲೇ ಪ್ರದೀಪ ಹೇಳಿದ. "ಮಕ್ಕಳು ಯಾರೋ ಎಳೆದಿರ್ಬೇಕು ಸರ್. ತುಂಬಾ ಹೆದರಿದ್ರು. ಮೇಡಂ ಒಳಗಡೆ ಇದ್ರು."

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಅವರೂ ಒಂದು ಗಳಿಗೆ ಅದನ್ನೇ ಒಪ್ಪಿಕೊಳ್ಳಲು ಸಿದ್ಧರಿದ್ದರು ಎಂದು ಕಾಣಿಸಿತು. ಎಲ್ಲರಿಗೂ ಅನುಕೂಲವಾದ ಉತ್ತರ.

"ಮಕ್ಕಳಲ್ಲ ಸರ್" ಎಂದೆ. "ನಾನು. ಹುಡುಗಿ ಹೊರಗಿದಾಳೆ, ಅವಳನ್ನ ತರಕ್ಕೆ ಇವನು ಹೋಗಿದಾನೆ ಅಂತ ಗೊತ್ತಿದ್ದೇ ಎಳೆದೆ."

ಪ್ರದೀಪ ತಲೆ ತಗ್ಗಿಸಿದ. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದು, ಅವನ ಫೈಲನ್ನು ಹತ್ತಿರಕ್ಕೆ ಎಳೆದುಕೊಂಡರು.